ಎರಡು ಮದುವೆಯಾದ ಮುತ್ತಜ್ಜಿ: ಮಕ್ಕಳೆಲ್ಲ ಯಾವ ವಂಶಕ್ಕೆ?

ಪ್ರಶ್ನೆ: ನನ್ನ ತಾಯಿಯ ಅಜ್ಜಿಗೆ ಎರಡು ಮದುವೆ. ಮೊದಲನೆಯ ಗಂಡ ಕಾಪು ಕಡೆಯವರು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರಂತೆ. ಅವರಿಂದ ಒಂದು ಗಂಡು, ಒಂದು ಹೆಣ್ಣು. ಎರಡನೆಯವರು ಕಾರ್ಕಳದವರು, ಅವರಿಂದ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ನನ್ನ ಅಜ್ಜಿ ಎರಡನೆಯ ಮದುವೆಯ ಮಗಳು. ಅಮೆರಿಕದಲ್ಲಿರುವ ನನ್ನ ತಮ್ಮ ವಂಶವೃಕ್ಷ ತಯಾರಿಸಿ ಕಳುಹಿಸಿದ್ದಾನೆ. ಅದರಲ್ಲಿ ಈ ಐವರು ಎರಡು ಬೇರೆ ಬೇರೆ ವಂಶಗಳ ಕೆಳಗೆ ಬಂದಿದ್ದಾರೆ. ನಮ್ಮ ಚಿಕ್ಕಮ್ಮ ಅದನ್ನು ನೋಡಿ, ಇದು ತಪ್ಪು, ನಾವೆಲ್ಲ ಒಂದೇ ಕುಟುಂಬ, ದೈವದ ತಂಬಿಲಕ್ಕೆ ಒಟ್ಟಿಗೇ ಕೂರುವವರು ಎಂದರು. ಸರ್‌ನೇಮ್ ನೋಡಿದರೆ ಒಬ್ಬೊಬ್ಬರದು ಒಂದೊಂದು. ಯಾರು ಹೇಳುವುದು ಸರಿ? ಇಂಥ ಕಡೆ ವಂಶವೃಕ್ಷ ಬರೆಯುವುದು ಹೇಗೆ?
(ಮಣಿಪಾಲದ ಓದುಗರೊಬ್ಬರು)

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಉಡುಪಿ, ಕಾಪು, ಕಾರ್ಕಳದ ಅನೇಕ ಮನೆಗಳಲ್ಲಿ ಇದೇ ಗೊಂದಲ ಇದೆ. ಮನೆತನದ ಚರಿತ್ರೆ ಬರೆಯಲು ಹೊರಟ ಹುಡುಗರು ಮುತ್ತಜ್ಜಿಯ ಎರಡನೆಯ ಮದುವೆಯ ಹತ್ತಿರ ಬಂದು ನಿಂತುಬಿಡುತ್ತಾರೆ. ಕೆಲವರು ಸಂಕೋಚದಿಂದ ಒಂದು ಮದುವೆಯನ್ನು ಬಿಟ್ಟೇ ಬಿಡುತ್ತಾರೆ. ನೀವು ಹಾಗೆ ಮಾಡದೆ ಕೇಳಿದಿರಿ, ಸಂತೋಷ.

ಮೊದಲು ನಿಮ್ಮ ಸಂದೇಹವನ್ನು ಬಿಡಿಸಿಕೊಳ್ಳೋಣ. ಇದರಲ್ಲಿ ಎರಡು ಪ್ರಶ್ನೆಗಳಿವೆ. ಈ ಐವರಲ್ಲಿ ಯಾರು ಯಾರಿಗೆ ಹುಟ್ಟಿದವರು ಎಂಬುದು ಒಂದು. ಈ ಐವರು ಯಾವ ಕುಟುಂಬಕ್ಕೆ ಸೇರಿದವರು ಎಂಬುದು ಇನ್ನೊಂದು. ನಿಮ್ಮ ತಮ್ಮ ಮೊದಲನೆಯದಕ್ಕೆ ಉತ್ತರ ಬರೆದಿದ್ದಾರೆ, ಚಿಕ್ಕಮ್ಮ ಎರಡನೆಯದಕ್ಕೆ ಉತ್ತರ ಹೇಳಿದ್ದಾರೆ. ತಂದೆಯಂದಿರ ಹೆಸರಿನ ಮಟ್ಟಿಗೆ ತಮ್ಮನ ಹಾಳೆ ಸರಿ. ವಂಶ ಯಾವುದು ಎಂಬ ಮಟ್ಟಿಗೆ ಚಿಕ್ಕಮ್ಮ ಹೇಳಿದ್ದೇ ಸರಿ.

ನೀವು ಸಮುದಾಯವನ್ನು ಬರೆದಿಲ್ಲ. ಕುಟುಂಬ, ತಂಬಿಲ ಎಂಬ ಮಾತುಗಳನ್ನು ಚಿಕ್ಕಮ್ಮ ಬಳಸಿದ ರೀತಿ ನೋಡಿದರೆ ನಿಮ್ಮದು ಅಳಿಯಕಟ್ಟಿನ ಮನೆ. ಬಂಟರು, ಬಿಲ್ಲವರು, ಮೊಗವೀರರು, ಕಾರ್ಕಳ-ಮೂಡುಬಿದಿರೆ ಕಡೆಯ ಸ್ಥಳೀಯ ಜೈನರು ಮೊದಲಾದವರಲ್ಲಿ ಈ ಪದ್ಧತಿ. ಇಲ್ಲಿಯ ಬ್ರಾಹ್ಮಣರು, ಕೊಂಕಣಿಗರು, ಕ್ರೈಸ್ತರು ಮಕ್ಕಳಕಟ್ಟಿನವರು, ಅಂದರೆ ವಂಶವನ್ನು ತಂದೆಯ ಕಡೆಯಿಂದ ಎಣಿಸುವವರು. ಒಂದೇ ಊರಿನ ಒಂದೇ ಬೀದಿಯಲ್ಲಿ ಎರಡೂ ಲೆಕ್ಕ ನಡೆಯುತ್ತಿರುವುದರಿಂದ ಗೊಂದಲವಾಗುವುದು ಸಹಜ.

ಅಳಿಯಕಟ್ಟಿನಲ್ಲಿ ಮಗು ಹುಟ್ಟಿದ ಕ್ಷಣದಲ್ಲೇ ತಾಯಿಯ ಕುಟುಂಬಕ್ಕೆ, ತಾಯಿಯ ಬರಿಗೆ ಸೇರುತ್ತದೆ. ಬರಿ ಎಂದರೆ ತಾಯಿಯ ಸಾಲಿನ ಕುಲ, ಕನ್ನಡದಲ್ಲಿ ಬಳಿ ಎಂದು ಬರೆಯುವುದು. ಅದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ. ಮಗನಿಗೂ ತಾಯಿಯ ಬರಿಯೇ, ಆದರೆ ಅವನ ಮಕ್ಕಳಿಗೆ ಅವರ ತಾಯಿಯದು. ಗಂಡ ಎಂಬವನು ಬೇರೆ ಬರಿಯವನೇ ಆಗಿರಬೇಕು, ಒಂದೇ ಬರಿಯೊಳಗೆ ಮದುವೆ ಇಲ್ಲ. ಆದ್ದರಿಂದ ನಿಮ್ಮ ಮುತ್ತಜ್ಜಿ ಕಾಪುವಿನವರನ್ನು ಮದುವೆಯಾದಾಗಲೂ ಕಾರ್ಕಳದವರನ್ನು ಮದುವೆಯಾದಾಗಲೂ ಅವರ ಕುಟುಂಬ ಬದಲಾಗಲಿಲ್ಲ. ಅವರು ಗಂಡನ ಮನೆಯಲ್ಲಿ ವಾಸವಿದ್ದಿರಬಹುದು. ವಾಸ ಎಲ್ಲಿ ಎಂಬುದು ಬೇರೆ, ಸೇರಿದ್ದು ಎಲ್ಲಿಗೆ ಎಂಬುದು ಬೇರೆ. ಗಂಡ ತೀರಿಕೊಂಡ ಮೇಲೆ ಹೆಣ್ಣು ತನ್ನ ಮಕ್ಕಳೊಂದಿಗೆ ಕುಟುಂಬದ ಮನೆಗೆ ಮರಳುವುದು ರೂಢಿಯಾಗಿತ್ತು. ಅಲ್ಲಿ ಅವಳಿಗೆ ಪಾಲನೆಯ ಹಕ್ಕಿತ್ತು, ಮಕ್ಕಳಿಗೆ ಸೋದರಮಾವನಿದ್ದ.

ಎರಡನೆಯ ಮದುವೆ ಮುಚ್ಚಿಡುವ ಸಂಗತಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಬಂಟರಲ್ಲಿ ಎರಡು ಬಗೆಯ ಮದುವೆ ಇತ್ತೆಂದು ಬರೆದಿದ್ದಾರೆ. ಕನ್ಯೆಗೆ ಕೈದಾರೆ, ವಿಧವೆಗೆ ಬುಡುದಾರೆ. ಬಿಲ್ಲವರಲ್ಲೂ ವಿಧವೆಯರಿಗೆ, ಗಂಡನನ್ನು ಬಿಟ್ಟವರಿಗೆ ಬುಡುದಾರೆಯ ಕ್ರಮ ಇತ್ತು. ಶಾಸ್ತ್ರ ಚಿಕ್ಕದು, ಆಡಂಬರ ಕಡಿಮೆ, ಆದರೆ ಅದೂ ಮದುವೆಯೇ. ಹುಟ್ಟಿದ ಮಕ್ಕಳಿಗೆ ಕುಟುಂಬದಲ್ಲಿ ಯಾವ ಕೊರತೆಯೂ ಇರಲಿಲ್ಲ. ಭಾರತದ ಬಹುಭಾಗದಲ್ಲಿ ಉನ್ನತ ಜಾತಿಯ ವಿಧವೆಯರ ಮರುಮದುವೆಗೆ ಕಾನೂನಿನ ಬೆಂಬಲ ಸಿಗಲು 1856ರ ಕಾಯ್ದೆ ಬರಬೇಕಾಯಿತು. ಆ ಕಾಯ್ದೆಯಲ್ಲೂ ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ನಿಮ್ಮ ಮುತ್ತಜ್ಜಿಯ ಜೀವನಾಧಾರ ಗಂಡನ ಆಸ್ತಿಯಾಗಿರದೆ ತನ್ನ ಕುಟುಂಬದ ಭೂಮಿಯಾಗಿದ್ದುದರಿಂದ ಆ ಭಯ ಅವರಿಗೆ ಇರಲಿಲ್ಲ.

ಇದಕ್ಕೆ ನಮ್ಮ ನೆಲದಲ್ಲೇ ಎಲ್ಲರಿಗೂ ಗೊತ್ತಿರುವ ಒಂದು ವಂಶಾವಳಿ ಇದೆ. ಸಿರಿಯ ಕಥೆ. ಸತ್ಯನಾಪುರದ ಬೆರ್ಮಾಳ್ವನ ಮನೆಯ ಸಿರಿಯನ್ನು ಬಸ್ರೂರು ಬೀಡಿನ ಕಾಂತು ಪೂಂಜನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಬಯಕೆಯ ಶಾಸ್ತ್ರಕ್ಕೆ ತಂದ ಸೀರೆಯನ್ನು ಅವನು ಮೊದಲು ಸೂಳೆ ಸಿದ್ದುವಿಗೆ ಉಡಿಸಿದನೆಂದು ತಿಳಿದಾಗ ಸಿರಿ ಅದನ್ನು ಸಹಿಸುವುದಿಲ್ಲ. ಮಗ ಕುಮಾರ ಹುಟ್ಟುತ್ತಾನೆ. ಸಿರಿ ಆ ಗಂಡನನ್ನು ಬಿಡುತ್ತಾಳೆ. ಮುಂದೆ ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ. ಅವನಿಗೆ ಆಗಲೇ ಸಾಮು ಎಂಬ ಹೆಂಡತಿ ಇದ್ದಳು. ಈ ಎರಡನೆಯ ಮದುವೆಯಲ್ಲಿ ಹುಟ್ಟಿದ ಮಗಳು ಸೊನ್ನೆ. ಸೊನ್ನೆಗೆ ಅವಳಿ ಹೆಣ್ಣುಮಕ್ಕಳು, ಅಬ್ಬಗ ಮತ್ತು ದಾರಗ. ಚೆನ್ನೆಮಣೆ ಆಡುತ್ತ ಕಲಹವಾಗಿ ಅವರ ಕಥೆ ಮುಗಿಯುತ್ತದೆ. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುತ್ತವೆ, ವಂಶದ ಈ ಸಾಲು ಬದಲಾಗುವುದಿಲ್ಲ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠವನ್ನು 1990ರಲ್ಲಿ ಫಿನ್‌ಲೆಂಡಿನ ಲೌರಿ ಹಾಂಕೊ, ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ತಂಡ ಧ್ವನಿಮುದ್ರಿಸಿಕೊಂಡಿತು. 15,683 ಸಾಲುಗಳ ಆ ಪಾಠ 1998ರಲ್ಲಿ ಅಚ್ಚಾಯಿತು.

ಈಗ ಈ ಕಥೆಯನ್ನು ನಿಮ್ಮ ತಮ್ಮನ ಹಾಳೆಯ ಮೇಲೆ ಬರೆದು ನೋಡಿ. ತಂದೆಯ ಲೆಕ್ಕದಲ್ಲಿ ಕುಮಾರ ಪೂಂಜರ ವಂಶ, ಸೊನ್ನೆ ಆಳ್ವರ ವಂಶ, ಇಬ್ಬರೂ ಎರಡು ದಿಕ್ಕು. ಅಬ್ಬಗ-ದಾರಗ ಮೂರನೆಯ ವಂಶ. ಆದರೆ ನಂದಳಿಕೆಯಲ್ಲೋ ಹಿರಿಯಡ್ಕದಲ್ಲೋ ಹುಣ್ಣಿಮೆಯ ರಾತ್ರಿ ನಡೆಯುವ ಸಿರಿಜಾತ್ರೆಗೆ ಹೋದರೆ ಇವರೆಲ್ಲ ಒಂದೇ ಸಾಲಿನಲ್ಲಿ ಮೈಮೇಲೆ ಬರುತ್ತಾರೆ. ಸಿರಿ, ಅವಳ ಮಗಳು ಸೊನ್ನೆ, ಮೊಮ್ಮಕ್ಕಳು ಅಬ್ಬಗ-ದಾರಗ, ಅವರೆಲ್ಲರ ಎದುರು ನಿಂತು ಮಾತಾಡಿಸುವ ಕುಮಾರ. ಕುಮಾರನೂ ಸೊನ್ನೆಯೂ ಒಬ್ಬನೇ ತಂದೆಯ ಮಕ್ಕಳಲ್ಲ. ಆದರೂ ಅವನು ಆ ಹೆಣ್ಣುಗಳಿಗೆ ಮಗ, ಅಣ್ಣ, ಸೋದರಮಾವ. ಸಾವಿರಾರು ಜನ ಸೇರುವ ಈ ಆಚರಣೆಯಲ್ಲಿ ಯಾರೂ ಅವನನ್ನು ಬೇರೆ ಮನೆಯವನೆಂದು ಎಣಿಸುವುದಿಲ್ಲ. ನಿಮ್ಮ ಚಿಕ್ಕಮ್ಮ ಒಂದೇ ಕುಟುಂಬ ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಇದೇ ಲೆಕ್ಕ.

ಅಳಿಯಕಟ್ಟು ಹೇಗೆ ಬಂತು ಎಂಬುದಕ್ಕೆ ಭೂತಾಳ ಪಾಂಡ್ಯನ ಐತಿಹ್ಯ ಹೇಳುತ್ತಾರೆ. ಹಡಗಿನ ಬಲಿಗೆ ಹೆಂಡತಿ ಮಗನನ್ನು ಕೊಡಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದಳು, ಆದ್ದರಿಂದ ಆಸ್ತಿ ಅಳಿಯನಿಗೆ ಎಂದು. ಅದು ಐತಿಹ್ಯ, ಚರಿತ್ರೆಯಾಗಿ ಓದಬಾರದು. ಕಲ್ಲಿನ ಮೇಲೆ ಬರೆದ ಸಾಕ್ಷಿ ಬೇಕೆಂದರೆ ಕಾರ್ಕಳಕ್ಕೆ ಹೋಗಿ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿಯ ಶಾಸನದಲ್ಲಿ ಆ ಅರಸನ ಪರಿಚಯ ಹೇಗಿದೆ ಗೊತ್ತೇ? ಹಿಂದಿನ ಭೈರವರಾಜನ ತಂಗಿ ಗುಮ್ಮಟಾಂಬೆಯ ಮಗ ಎಂದು. ಪಟ್ಟ ಬಂದದ್ದು ಸೋದರಮಾವನಿಂದ, ತಾಯಿಯ ಮೂಲಕ. ಆದರೆ ಅದೇ ಶಾಸನ ತಂದೆ ವೀರನರಸಿಂಹ ವಂಗನರೇಂದ್ರನ ಹೆಸರನ್ನೂ ಬಿಟ್ಟಿಲ್ಲ. ಇದನ್ನು ನೆನಪಿಡಿ. ಅಳಿಯಕಟ್ಟು ಎಂದರೆ ತಂದೆಗೆ ಲೆಕ್ಕವಿಲ್ಲ ಎಂದಲ್ಲ. ವಂಶವನ್ನು ತಾಯಿಯ ಕಡೆಯಿಂದ ಎಣಿಸಿದರೂ ತಂದೆಯನ್ನು ಹೆಸರಿಟ್ಟು ಗೌರವದಿಂದ ದಾಖಲಿಸುತ್ತಿದ್ದರು. ನಿಮ್ಮ ವಂಶವೃಕ್ಷದಲ್ಲೂ ಇಬ್ಬರು ಮುತ್ತಜ್ಜಂದಿರಿಗೂ ಜಾಗ ಇರಬೇಕು.

ಇನ್ನು ಸರ್‌ನೇಮಿನ ಗೊಂದಲ. ಬಹಳ ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಿಲ್ಲವರಲ್ಲಿ, ಮೊಗವೀರರಲ್ಲಿ ಸುವರ್ಣ, ಸಾಲಿಯಾನ್, ಕೋಟ್ಯಾನ್, ಕರ್ಕೇರ, ಅಮೀನ್, ಬಂಗೇರ, ಕುಂದರ್, ಪುತ್ರನ್ ಎಂದು ಬರೆಯುತ್ತಾರಲ್ಲ, ಅವೆಲ್ಲ ಮೂಲತಃ ಬರಿಯ ಹೆಸರುಗಳು. ಹಳೆಯ ಕ್ರಮದಂತೆ ತಾಯಿ ಸಾಲಿಯಾನ್ ಆದರೆ ಮಕ್ಕಳೆಲ್ಲ ಸಾಲಿಯಾನ್, ತಂದೆ ಕೋಟ್ಯಾನ್ ಇರಲಿ, ಬಂಗೇರ ಇರಲಿ. ಮುಂದೆ ಶಾಲೆಯ ದಾಖಲೆ, ಮುಂಬಯಿಯ ಕೆಲಸ, ಪಾಸ್‌ಪೋರ್ಟು ಎಂದು ಬಂದಾಗ ಅನೇಕರು ತಂದೆಯದನ್ನೇ ಬರೆಸಿಕೊಂಡರು. ಹೆಂಗಸರು ಗಂಡನದನ್ನು ಬರೆಸಿಕೊಂಡರು. ಕೆಲವರು ತಾಯಿಯದನ್ನೇ ಉಳಿಸಿಕೊಂಡರು. ಹೀಗೆ ಒಂದೇ ತಾಯಿಯ ಹೊಟ್ಟೆಯ ಮಕ್ಕಳ ಸಂತತಿಯಲ್ಲಿ ಎರಡು ತಲೆಮಾರಿನೊಳಗೆ ನಾಲ್ಕು ಸರ್‌ನೇಮ್ ಆದವು. ಬಂಟರಲ್ಲಿ ಶೆಟ್ಟಿ, ಹೆಗ್ಡೆ, ರೈ, ಆಳ್ವ, ಬಲ್ಲಾಳ ಮುಂತಾದವು ಬರಿಯ ಹೆಸರುಗಳಲ್ಲ, ಮನೆತನದ ಬಿರುದುಗಳು. ಬರಿಯನ್ನು ಅವರು ಬೇರೆಯಾಗಿ ಕೇಳಿ ತಿಳಿಯಬೇಕು. ಆದುದರಿಂದ ಸರ್‌ನೇಮ್ ಬೇರೆ ಇದೆ ಎಂಬ ಕಾರಣಕ್ಕೆ ಕುಟುಂಬ ಬೇರೆ ಎಂದೂ, ಸರ್‌ನೇಮ್ ಒಂದೇ ಇದೆ ಎಂಬ ಕಾರಣಕ್ಕೆ ನೆಂಟರೆಂದೂ ತೀರ್ಮಾನಿಸಬೇಡಿ. ಸರ್‌ನೇಮ್ ಒಬ್ಬ ವ್ಯಕ್ತಿಯ ಕಾಗದದ ಹೆಸರು. ವಂಶವೃಕ್ಷಕ್ಕೆ ಬೇಕಾದದ್ದು ತಾಯಿಯ ಬರಿ ಮತ್ತು ಕುಟುಂಬದ ಮನೆ.

ನಿಮ್ಮ ತಮ್ಮ ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಅವರು ಈಗ ಇರುವ ದೇಶದ ಹಳೆಯ ಲೆಕ್ಕವೇ ಬೇರೆ. ಅಮೆರಿಕ ಬ್ರಿಟಿಷರ ವಸಾಹತು ಆಗಿದ್ದ ಕಾಲದ, ಎರಡು ಮದುವೆಯಾದ ಒಬ್ಬ ಹೆಂಗಸನ್ನು ನೋಡಿ. ಮಾರ್ಥಾ ಡ್ಯಾಂಡ್ರಿಜ್ ಹುಟ್ಟಿದ್ದು 1731ರಲ್ಲಿ, ವರ್ಜೀನಿಯಾದಲ್ಲಿ. 1750ರಲ್ಲಿ ಡೇನಿಯಲ್ ಪಾರ್ಕ್ ಕಸ್ಟಿಸ್ ಎಂಬ ಶ್ರೀಮಂತ ಜಮೀನುದಾರನನ್ನು ಮದುವೆಯಾಗಿ ಮಾರ್ಥಾ ಕಸ್ಟಿಸ್ ಆದಳು. ನಾಲ್ವರು ಮಕ್ಕಳಲ್ಲಿ ಇಬ್ಬರು ಎಳವೆಯಲ್ಲೇ ತೀರಿಕೊಂಡರು. 1757ರಲ್ಲಿ ಗಂಡ ಉಯಿಲು ಬರೆಯದೆ ಸತ್ತ. ಆಗಿನ ಕಾನೂನಿನಂತೆ ಅವನ ಆಸ್ತಿಯ ಮೂರನೆಯ ಒಂದು ಭಾಗದ ಅನುಭೋಗ ಮಾತ್ರ ಅವಳ ಜೀವಿತಾವಧಿಗೆ ಸಿಕ್ಕಿತು. ಉಳಿದದ್ದು ಮಕ್ಕಳದು. 1759ರ ಜನವರಿಯಲ್ಲಿ ಅವಳು ಜಾರ್ಜ್ ವಾಷಿಂಗ್ಟನ್‌ನನ್ನು ಮದುವೆಯಾಗಿ ಮಾರ್ಥಾ ವಾಷಿಂಗ್ಟನ್ ಆದಳು. ಆ ಮದುವೆಯಲ್ಲಿ ಮಕ್ಕಳಾಗಲಿಲ್ಲ. ಮೊದಲ ಗಂಡನ ಮಕ್ಕಳು ಮೌಂಟ್ ವರ್ನನ್‌ನಲ್ಲಿ ವಾಷಿಂಗ್ಟನ್‌ನ ಮನೆಯಲ್ಲೇ ಬೆಳೆದರೂ ಕಸ್ಟಿಸರಾಗಿಯೇ ಉಳಿದರು. 1802ರಲ್ಲಿ ಅವಳು ತೀರಿಕೊಂಡಾಗ ಆ ಮೂರನೆಯ ಒಂದು ಭಾಗ ಕಸ್ಟಿಸ್ ವಂಶದ ಮೊಮ್ಮಕ್ಕಳಿಗೆ ಮರಳಿತು.

ಅಲ್ಲಿ ತಾಯಿಯ ಹೆಸರು ಎರಡು ಸಲ ಬದಲಾಯಿತು, ಮಕ್ಕಳು ತಂದೆಯ ವಂಶದಲ್ಲಿ ನಿಂತರು. ಅವಳ ಮೂರು ಹೆಸರುಗಳು ಒಬ್ಬಳವೇ ಎಂದು ಕಂಡುಹಿಡಿಯುವುದೇ ಅಲ್ಲಿನ ವಂಶಾವಳಿ ಬರೆಯುವವರಿಗೆ ದೊಡ್ಡ ಕೆಲಸ. ನಮ್ಮಲ್ಲಿ ತೊಡಕು ತಿರುಗುಮುರುಗು. ಮುತ್ತಜ್ಜಿಯ ಹೆಸರು ಹಳೆಯ ಕಾಗದಗಳಲ್ಲಿ ಬದಲಾಗದೆ ಉಳಿದಿರುತ್ತದೆ, ಇಂಥ ಶೆಡ್ತಿ, ಇಂಥ ಪೂಜಾರ್ತಿ, ಇಂಥ ಹೆಗ್ಗಡ್ತಿ ಎಂದು. ಸಿಗುವುದು ಕಷ್ಟವಾಗುವುದು ಗಂಡಂದಿರ ಹೆಸರು, ಏಕೆಂದರೆ ಕುಟುಂಬದ ಕಾಗದಕ್ಕೆ ಅವರು ಹೊರಗಿನವರು.

ಹಾಗಾದರೆ ಹಾಳೆಯ ಮೇಲೆ ಹೇಗೆ ಬರೆಯುವುದು? ಮುತ್ತಜ್ಜಿಯ ಹೆಸರನ್ನು ನಡುವೆ ಬರೆಯಿರಿ. ಗೊತ್ತಿದ್ದರೆ ಅವರ ಮೇಲೆ ಅವರ ತಾಯಿ, ಪಕ್ಕದಲ್ಲಿ ಅವರ ಅಣ್ಣತಮ್ಮ ಅಕ್ಕತಂಗಿಯರು. ಎಡಗಡೆ ಮೊದಲ ಗಂಡ, ಬಲಗಡೆ ಎರಡನೆಯ ಗಂಡ. ಐವರು ಮಕ್ಕಳನ್ನು ಹುಟ್ಟಿದ ಕ್ರಮದಲ್ಲಿ ಒಂದೇ ಸಾಲಿನಲ್ಲಿ ಮುತ್ತಜ್ಜಿಯ ಕೆಳಗೆ ಇಡಿ. ಮುತ್ತಜ್ಜಿಯಿಂದ ಐವರಿಗೂ ದಪ್ಪ ಗೆರೆ, ಪ್ರತಿಯೊಬ್ಬರಿಂದ ಅವರವರ ತಂದೆಗೆ ತೆಳ್ಳಗಿನ ಗೆರೆ. ಇಬ್ಬರು ಗಂಡಂದಿರ ಹೆಸರಿನ ಪಕ್ಕ ಅವರ ಕುಟುಂಬದ ಮನೆ, ಊರು, ಬರಿ, ಸಾಧ್ಯವಾದರೆ ಅವರ ತಾಯಿಯ ಹೆಸರು ಬರೆಯಿರಿ. ಅವರ ವಂಶ ಅಲ್ಲಿಂದ ಹುಡುಕಬೇಕಾದದ್ದು. ಮುಂದಿನ ತಲೆಮಾರಿಗೆ ದಪ್ಪ ಗೆರೆ ಮೂವರು ಹೆಣ್ಣುಮಕ್ಕಳಿಂದ ಮಾತ್ರ ಇಳಿಯುತ್ತದೆ. ಇಬ್ಬರು ಗಂಡುಮಕ್ಕಳ ಮಕ್ಕಳನ್ನು ಬಿಡಬೇಡಿ, ತೆಳ್ಳಗಿನ ಗೆರೆಯಲ್ಲಿ ತೋರಿಸಿ ಅವರ ತಾಯಿಯ ಕುಟುಂಬ ಯಾವುದೆಂದು ಬರೆಯಿರಿ. ನಿಮ್ಮ ತಮ್ಮ ಬಳಸುವಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎಷ್ಟು ಮದುವೆ ಬೇಕಾದರೂ ಸೇರಿಸಬಹುದು, ತಾಯಿಯ ಸಾಲನ್ನೇ ಮುಖ್ಯವಾಗಿ ತೋರಿಸುವ ಅವಕಾಶವೂ ಇರುತ್ತದೆ. ಬರಿಗೆ ಜಾಗ ಇಲ್ಲದಿದ್ದರೆ ಟಿಪ್ಪಣಿಯಲ್ಲಿ ಹಾಕಲಿ, ಸರ್‌ನೇಮಿನ ಕಡೆ ತುರುಕುವುದು ಬೇಡ.

ಒಂದು ಉಪಪ್ರಶ್ನೆ ಇಲ್ಲಿ ಏಳಬಹುದು. ಕಾರ್ಕಳದ ಮುತ್ತಜ್ಜನಿಗೆ ಮೊದಲೇ ಬೇರೆ ಹೆಂಡತಿ, ಮಕ್ಕಳು ಇದ್ದಿದ್ದರೆ? ಆ ಮಕ್ಕಳು ನಿಮ್ಮ ಅಜ್ಜಿಗೆ ತಂದೆಯ ಕಡೆಯ ಅಣ್ಣ-ಅಕ್ಕಂದಿರು. ಬಳಕೆಯಲ್ಲಿ ಒಡಹುಟ್ಟಿದವರಂತೆಯೇ ನಡೆದುಕೊಳ್ಳುತ್ತಾರೆ. ಆದರೆ ಅವರ ಕುಟುಂಬ ಅವರ ತಾಯಿಯದು, ನಿಮ್ಮ ಕುಟುಂಬದ ಸಾಲಿಗೆ ಅವರು ಬರುವುದಿಲ್ಲ. ಕಾಪುವಿನ ಮುತ್ತಜ್ಜನ ಮಕ್ಕಳಾದರೋ ನಿಮ್ಮ ಅಜ್ಜಿಯ ತಂದೆಗೆ ಏನೂ ಆಗಬೇಕಾಗಿಲ್ಲದವರು, ಆದರೂ ನಿಮ್ಮ ಕುಟುಂಬದವರೇ. ಮಕ್ಕಳಕಟ್ಟಿನ ಮನೆಯಲ್ಲಿ ಇದು ಸರಿಯಾಗಿ ತಲೆಕೆಳಗು.

ಕಾನೂನು ಕೂಡ ಈ ಭೇದವನ್ನು ಬಲ್ಲದು. 1863ರಲ್ಲಿ ಮದ್ರಾಸ್ ಹೈಕೋರ್ಟು ಮುಂಡ ಚೆಟ್ಟಿ ಮತ್ತು ತಿಮ್ಮಜು ಹೆಂಗ್ಸು ನಡುವಿನ ವ್ಯಾಜ್ಯದಲ್ಲಿ, ಅಳಿಯಸಂತಾನದ, ಅಂದರೆ ಅಳಿಯಕಟ್ಟಿನ, ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಕೇಳಿದನೆಂದು ಪಾಲು ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆದ್ದರಿಂದ ಎಂಬತ್ತಕ್ಕೂ ಹೆಚ್ಚು ವರ್ಷ ದೊಡ್ಡ ದೊಡ್ಡ ಕುಟುಂಬಗಳು ಒಟ್ಟಾಗಿಯೇ ಇದ್ದವು. ಹಿರಿಯರಾದವರು, ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕನ್ನು ಕವರುಗಳಿಗೆ ಕೊಟ್ಟಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಸಾಲಿನಲ್ಲಿ ಇಳಿದ ಅವಳ ಎಲ್ಲ ಸಂತತಿ ಸೇರಿ ಅವಳ ಕವರು. ಗಂಡಸಿನ ಕವರು ಎಂದರೆ ಅವನ ತಾಯಿಯ ಕವರು. ಈ ವ್ಯಾಖ್ಯೆಯಲ್ಲಿ ಗಂಡನ ಪ್ರಸ್ತಾಪವೇ ಇಲ್ಲ, ಆದ್ದರಿಂದ ಐವರೂ ನಿಮ್ಮ ಮುತ್ತಜ್ಜಿಯ ಕವರಿನವರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೂ ಸ್ಪಷ್ಟವಾಗಿ, ಒಬ್ಬನೇ ಪುರುಷನಿಗೆ ಬೇರೆ ಬೇರೆ ಹೆಂಡತಿಯರಲ್ಲಿ ಹುಟ್ಟಿದವರ ಸಂಬಂಧ ಒಂದು ಬಗೆ, ಒಬ್ಬಳೇ ಸ್ತ್ರೀಗೆ ಬೇರೆ ಬೇರೆ ಗಂಡಂದಿರಲ್ಲಿ ಹುಟ್ಟಿದವರ ಸಂಬಂಧ ಇನ್ನೊಂದು ಬಗೆ ಎಂದು ವಿಂಗಡಿಸಿ ಹೇಳುತ್ತದೆ. ಅಳಿಯಸಂತಾನದವರಿಗಾಗಿ ಅದರ 17ನೇ ಕಲಮಿನಲ್ಲಿ ಪ್ರತ್ಯೇಕ ಕ್ರಮ ಇದೆ. ಉಯಿಲಿಲ್ಲದೆ ತೀರಿಕೊಂಡ ಹೆಂಗಸಿನ ಆಸ್ತಿಗೆ ಮೊದಲ ಹಕ್ಕುದಾರರು ಅವಳ ಗಂಡು-ಹೆಣ್ಣು ಮಕ್ಕಳು ಮತ್ತು ತಾಯಿ. ಗಂಡ ಮತ್ತು ತಂದೆ ಆಮೇಲೆ. ಮಕ್ಕಳು ಯಾವ ಮದುವೆಯವರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ನಿಮ್ಮ ಪ್ರಶ್ನೆ ಆಸ್ತಿಯದಲ್ಲ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಆಸ್ತಿಯ ವಿಷಯ ಬಂದರೆ ವಕೀಲರನ್ನು ಕಾಣಿರಿ.

ದಾಖಲೆ ಎಲ್ಲಿ ಸಿಗುತ್ತದೆ ಎಂಬುದನ್ನು ನೀವು ಕೇಳಿಲ್ಲ, ಆದರೂ ಮುಂದಿನ ಕೆಲಸ ಅದೇ ಆದುದರಿಂದ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವುದು ಪಾಲುಪಟ್ಟಿ ಮತ್ತು ಪಾಲಿನ ದಾವೆಯ ಕಾಗದ. 1949ರ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಮನೆ ಮನೆಯಲ್ಲೂ ಪಾಲು ನಡೆಯಿತು. ಆಗ ಕೋರ್ಟಿಗೆ ಕೊಟ್ಟ ದಾವಾಪತ್ರದಲ್ಲಿ ಕುಟುಂಬದ ವಂಶವೃಕ್ಷವನ್ನು ಬರೆಯಲೇಬೇಕಾಗಿತ್ತು, ಮತ್ತು ಅದು ಒಬ್ಬ ಮೂಲಸ್ತ್ರೀಯಿಂದಲೇ ಆರಂಭವಾಗುತ್ತಿತ್ತು. ನಾಲ್ಕೈದು ತಲೆಮಾರಿನ ಹೆಂಗಸರ ಹೆಸರುಗಳು ಸಾಲಾಗಿ ಸಿಗುವ ಇಂಥ ಕಾಗದ ಮಕ್ಕಳಕಟ್ಟಿನ ಮನೆಗಳಿಗೆ ಸಿಗುವುದು ದುರ್ಲಭ. ನಿಮ್ಮ ಕುಟುಂಬದ ಹಿರಿಯರ ಪೆಟ್ಟಿಗೆಯಲ್ಲಿ ತೀರ್ಪಿನ ನಕಲು ಇದೆಯೇ ಕೇಳಿ. ಇಲ್ಲದಿದ್ದರೆ ದಾವೆಯ ನಂಬರು, ವರ್ಷ ಹಿಡಿದು ಕೋರ್ಟಿನಲ್ಲಿ ನಕಲಿಗೆ ಅರ್ಜಿ ಹಾಕಬಹುದು. ನೋಂದಾಯಿಸಿದ ಪಾಲುಪಟ್ಟಿಯಾದರೆ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ.

ಮೂಲಗೇಣಿ, ಚಾಲಗೇಣಿಯ ಚೀಟಿಗಳನ್ನೂ ಬಿಡಬೇಡಿ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಸಲ್ಲಿಸಿದ ಏಳನೇ ನಮೂನೆಯ ಅರ್ಜಿ ಮತ್ತು ಭೂನ್ಯಾಯಮಂಡಳಿಯ ಆದೇಶಗಳಲ್ಲಿ ಯಾರು ಯಾರ ಪರವಾಗಿ ಸಾಗುವಳಿ ಮಾಡುತ್ತಿದ್ದರು ಎಂಬುದು ಇರುತ್ತದೆ. ಗಂಡಂದಿರ ಹೆಸರು ಹುಡುಕಲು ಶಾಲೆಯ ದಾಖಲಾತಿ ಪುಸ್ತಕ ಒಳ್ಳೆಯದು, ಅಲ್ಲಿ ತಂದೆಯ ಹೆಸರು ಬರೆಯುವ ಪದ್ಧತಿ ಇತ್ತು. ಹುಡುಕುವಾಗ ಆಡಳಿತದ ಗಡಿಗಳನ್ನು ನೆನಪಿಡಿ. 1956ರವರೆಗೆ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಕಾಪು ತಾಲೂಕಾದದ್ದು ಇನ್ನೂ ಈಚೆಗೆ. ಹಾಗಾಗಿ ಕಾಪುವಿನ ಹಳೆಯ ಕಾಗದಗಳು ಉಡುಪಿ ತಾಲೂಕಿನ ಹೆಸರಿನಲ್ಲಿ, ಕೆಲವು ಮಂಗಳೂರಿನಲ್ಲಿ ಇರುತ್ತವೆ. ನಾಡಕಚೇರಿಯಿಂದ ಸಿಗುವ ವಂಶವೃಕ್ಷದ ದೃಢಪತ್ರವನ್ನು ಮಾತ್ರ ಪೂರ್ಣ ಎಂದು ನಂಬಬೇಡಿ. ಅದು ಒಂದು ಉದ್ದೇಶಕ್ಕಾಗಿ, ಅರ್ಜಿದಾರರು ಹೇಳಿದ್ದನ್ನು ಪರಿಶೀಲಿಸಿ ಕೊಡುವ ಕಾಗದ. ಇಂಥ ಕಡೆ ಮೊದಲನೆಯ ಮದುವೆ ಬಿಟ್ಟುಹೋಗುವ ಸಂಭವ ಹೆಚ್ಚು.

ಎರಡು ಎಚ್ಚರಿಕೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ, ಮಾವನ ಹೆಸರನ್ನು ಅಳಿಯನಿಗೆ ಇಡುವುದು ನಮ್ಮಲ್ಲಿ ಇದ್ದದ್ದೇ. ಒಂದೇ ಹೆಸರು ಎರಡು ಕಡೆ ಕಂಡರೆ ಇಸವಿ ನೋಡದೆ ಒಬ್ಬರೇ ಎಂದು ಬರೆಯಬೇಡಿ. ಹೆಣ್ಣುಸಂತತಿ ನಿಂತುಹೋಗುವ ಭಯವಿದ್ದ ಕುಟುಂಬಗಳು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದದ್ದೂ ಉಂಟು. ದಪ್ಪ ಗೆರೆ ಎಲ್ಲೋ ಅನುಮಾನವಾಗಿ ಕಂಡರೆ ಅದನ್ನೂ ವಿಚಾರಿಸಿ.

ಕಾಗದ ಇಲ್ಲದ ಕಡೆ ಹಿರಿಯರನ್ನು ಕೇಳಬೇಕು, ಆದರೆ ಕೇಳುವ ರೀತಿ ಇದೆ. ಮುತ್ತಜ್ಜಿಗೆ ಎಷ್ಟು ಮದುವೆ ಎಂದು ನೇರವಾಗಿ ಕೇಳಿದರೆ ಹಲವರು ಮುದುಡಿಕೊಳ್ಳುತ್ತಾರೆ. ಇಂಥವರ ಸಾವಿಗೆ ಯಾರು ಯಾರು ಸೂತಕ ಹಿಡಿದರು, ಉತ್ತರಕ್ರಿಯೆಯ ಬೊಜ್ಜ ಯಾವ ಮನೆಯಲ್ಲಿ ಆಯಿತು, ತಂಬಿಲಕ್ಕೆ ಯಾವ ಮನೆಗೆ ಹೋಗುತ್ತಿದ್ದಿರಿ, ಯಾರನ್ನು ಮಾವ ಎಂದು ಕರೆಯುತ್ತಿದ್ದಿರಿ ಎಂದು ಕೇಳಿ. ಒಂದೇ ಕುಟುಂಬದವರು ಒಟ್ಟಿಗೆ ಸೂತಕ ಹಿಡಿಯುತ್ತಾರೆ. ಆ ಉತ್ತರಗಳಿಂದ ವಂಶದ ಸಾಲು ತಾನಾಗಿ ಸ್ಪಷ್ಟವಾಗುತ್ತದೆ. ಹೇಳಿದವರ ಹೆಸರು, ಹೇಳಿದ ದಿನಾಂಕವನ್ನು ಪಕ್ಕದಲ್ಲಿ ಬರೆದಿಡಿ. ಹೇಳಿಕೆಗೂ ಕಾಗದಕ್ಕೂ ಹೊಂದಿಕೆಯಾಗದಿದ್ದರೆ ಎರಡನ್ನೂ ಇಡಿ, ಒಂದನ್ನು ಅಳಿಸಬೇಡಿ. ತುಳುವಿನ ಸಂಬಂಧವಾಚಕಗಳಲ್ಲಿ ಸಂದೇಹ ಬಂದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಪ್ರಕಟಿಸಿದ ಆರು ಸಂಪುಟಗಳ ತುಳು ನಿಘಂಟು ಇದೆ. ನೀವಿರುವುದು ಮಣಿಪಾಲದಲ್ಲಿ, ಆ ಕೇಂದ್ರವಿರುವ ಎಂಜಿಎಂ ಕಾಲೇಜು ದೂರವಲ್ಲ.

ನಿಮ್ಮ ತಮ್ಮನಿಗೆ ಹೀಗೆ ಬರೆಯಿರಿ: ಹೆಸರುಗಳು ಸರಿ ಇವೆ, ಗೆರೆಗಳನ್ನು ಬದಲಿಸು. ಐವರೂ ಮುತ್ತಜ್ಜಿಯ ಮಕ್ಕಳು, ಒಂದೇ ಬರಿ, ಒಂದೇ ಕುಟುಂಬ. ಇಬ್ಬರು ಮುತ್ತಜ್ಜಂದಿರ ಹೆಸರೂ ಇರಲಿ. ಬದಲಿಸುವ ಮೊದಲು ಚಿಕ್ಕಮ್ಮನ ಹತ್ತಿರ ಕುಳಿತು, ಮುತ್ತಜ್ಜಿಯ ತಾಯಿಯ ಹೆಸರು, ಕಾಪುವಿನ ಮುತ್ತಜ್ಜನ ಕುಟುಂಬದ ಮನೆಯ ಹೆಸರು, ಈ ಎರಡನ್ನು ಕೇಳಿ ಬರೆದುಕೊಳ್ಳಿ. ಮೊದಲ ಮದುವೆಯ ಇಬ್ಬರು ಮಕ್ಕಳ ಸಂತತಿಯವರಿಗೂ ಒಂದು ಪ್ರತಿ ಕಳುಹಿಸಿಕೊಡಿ.